ರಾಕ್ಷಸನಿಗೆ ಯಾವ ಬಣ್ಣ?

ಹೋದ ದೀಪಾವಳಿಗೆ ಮಕ್ಕಳಿಂದ ಒಂದು ನಾಟಕ ಆಡಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಸಮಿತಿಯ ಸಭೆಗೆ ಬಾರದವರ ಹೆಸರನ್ನು ಮೊದಲು ಬರೆದುಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಆ ದಿನ ನಾನು ಹೋಗಿರಲಿಲ್ಲ. ಸರಿ, ಘಟೋತ್ಕಚನ ಕಥೆ ಎಂದು ನಿಶ್ಚಯವಾಯಿತು. ಹಿಡಿಂಬವನ, ಭೀಮ, ಹಿಡಿಂಬೆ, ಮಗು ಹುಟ್ಟಿದ ಕೂಡಲೇ ದೊಡ್ಡವನಾಗುವುದು, ಆಮೇಲೆ ಒಂದಿಷ್ಟು ಮಾಯಾಬಜಾರ್. ಇಪ್ಪತ್ತೈದು ನಿಮಿಷ, ಹದಿನಾಲ್ಕು ಮಕ್ಕಳು. ಸೆಪ್ಟೆಂಬರ್‌ನಿಂದ ಪ್ರತಿ ಶನಿವಾರ ಮಧ್ಯಾಹ್ನ ಮಿಸ್ಸಿಸಾಗಾದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಅರ್ಧ ಹೊತ್ತು ಅಭಿನಯ, ಅರ್ಧ ಹೊತ್ತು ಪೀಟ್ಜಾ.

ಮೂರನೆಯ ಶನಿವಾರ ಒಬ್ಬ ತಾಯಿ ಪಾಪ ಬಹಳ ಉತ್ಸಾಹದಿಂದ ಹ್ಯಾಲೋವೀನ್ ಅಂಗಡಿಗೆ ಹೋಗಿ ಒಂದು ಡಬ್ಬಿ ಕಪ್ಪು ಬಣ್ಣ, ಒಂದು ಜೊತೆ ಪ್ಲಾಸ್ಟಿಕ್ ಕೋರೆಹಲ್ಲು, ಒಂದು ಗುಂಗುರು ಕೂದಲಿನ ಟೋಪನ್ ತಂದಿದ್ದರು. ಘಟೋತ್ಕಚನಾಗಿದ್ದ ಹತ್ತು ವರ್ಷದ ಹುಡುಗ ಡಬ್ಬಿಯನ್ನೇ ನೋಡುತ್ತ ನಿಂತ. ಎಲ್ಲರೂ ಮೇಲೆ ತಿನ್ನಲು ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅಂಕಲ್, ನನ್ನನ್ನೇ ಯಾಕೆ ರಾಕ್ಷಸ ಮಾಡಿದ್ರಿ? ಐ ಆಮ್ ದ ಡಾರ್ಕೆಸ್ಟ್, ಅದಕ್ಕಾ?"

"ಇಲ್ಲ ಮರಿ, ನಿನ್ನ ಧ್ವನಿ ಜೋರು, ಅದಕ್ಕೆ" ಎಂದೆ. ಸುಳ್ಳಲ್ಲ. ಅವನ ಧ್ವನಿ ನಿಜಕ್ಕೂ ಮೂರು ಮನೆಗೆ ಕೇಳಿಸುತ್ತದೆ. ಆದರೆ ರಾತ್ರಿ ಪಾತ್ರಗಳ ಪಟ್ಟಿ ತೆಗೆದು ನೋಡಿದಾಗ ನನಗೇ ನಾಚಿಕೆಯಾಯಿತು. ಕೃಷ್ಣನ ಪಾತ್ರಕ್ಕೆ ಹದಿನಾಲ್ವರಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದ ಹುಡುಗನನ್ನು ಆರಿಸಿದ್ದೆ. ಕೃಷ್ಣ ಎಂಬ ಶಬ್ದಕ್ಕೇ ಕಪ್ಪು ಎಂದು ಅರ್ಥ! ಅವನಿಗೆ ನೀಲಿ ಹಚ್ಚೋಣ, ಇವನಿಗೆ ಕಪ್ಪು ಹಚ್ಚೋಣ ಎಂದು ಯೋಚನೆಯೇ ಮಾಡದೆ ತೀರ್ಮಾನಿಸಿದ್ದವನು ನಾನು, ಅಂಗಡಿಗೆ ಹೋದ ಆ ತಾಯಿಯಲ್ಲ.

ಈ ದೇಶದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಮುಖಕ್ಕೆ ಕಪ್ಪು ಬಳಿಯುವುದೆಂದರೆ ಏನೆಂದು ಚೆನ್ನಾಗಿ ಗೊತ್ತು. 2019ರ ಸೆಪ್ಟೆಂಬರಿನಲ್ಲಿ, ಚುನಾವಣೆಯ ಹೊತ್ತಿನಲ್ಲೇ, ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೋ ಅವರು 2001ರ ಒಂದು ಪಾರ್ಟಿಯಲ್ಲಿ ಅಲ್ಲಾದೀನನ ವೇಷಕ್ಕೆಂದು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಫೋಟೋ ಹೊರಬಿದ್ದು ಅವರು ಕ್ಷಮೆ ಕೇಳಿದ್ದು ನಿಮಗೆ ನೆನಪಿರಬಹುದು. ನಾವು ಊರಿನಿಂದ ಗಂಟು ಕಟ್ಟಿ ತಂದ ರಾಕ್ಷಸನನ್ನು ಇಲ್ಲಿನ ಬೇಸ್‌ಮೆಂಟಿನಲ್ಲಿ ಬಿಚ್ಚಿದರೆ ಅವನು ಬೇರೆಯೇ ಯಾರೋ ಆಗಿ ಕಾಣುತ್ತಾನೆ.

ಹಾಗಾದರೆ ರಾಕ್ಷಸ ಹೇಗಿರಬೇಕು? ಮನುಷ್ಯನಲ್ಲದ, ಆದರೆ ಮನುಷ್ಯನ ಹಾಗೆ ಮಾತಾಡುವ, ಮದುವೆಯಾಗುವ, ಮಗನನ್ನು ಹೆರುವ ಒಂದು ಕುಲವನ್ನು ಮನುಷ್ಯನ ಮೈಮೇಲೆ ತರುವುದು ಹೇಗೆ? ಪ್ರಶ್ನೆ ನನ್ನದು ಮಾತ್ರವಲ್ಲ ಎಂದು ಹುಡುಕುತ್ತ ಹೋದಾಗ ತಿಳಿಯಿತು. ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲೇ ಕೋಟ್ಯಂತರ ಡಾಲರ್ ಸುರಿದು ಇದೇ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ, ಹುಡುಕಿ ಎಡವಿಯೂ ಇದ್ದಾರೆ.

'ಸ್ಟಾರ್ ಟ್ರೆಕ್' ನಿಮ್ಮ ಮನೆಯ ಮಕ್ಕಳು ನೋಡದಿದ್ದರೂ ನೀವು ಹೆಸರು ಕೇಳಿರುತ್ತೀರಿ. ಅದರಲ್ಲಿ ಕ್ಲಿಂಗಾನ್ ಎಂಬ ಒಂದು ಯುದ್ಧಪ್ರಿಯ ಕುಲ ಇದೆ. ಮಾನ ಹೋದರೆ ಪ್ರಾಣ ಬಿಡುವವರು, ಊಟಕ್ಕೆ ಕೂತರೂ ಗರ್ಜಿಸುವವರು. ಒಟ್ಟಿನಲ್ಲಿ ನಮ್ಮ ಕಡೆಯ ರಾಕ್ಷಸರಿಗೆ ದಾಯಾದಿಗಳು. ಇವರು ಮೊದಲು ಟೀವಿಯಲ್ಲಿ ಕಾಣಿಸಿಕೊಂಡಿದ್ದು 1967ರಲ್ಲಿ. ಆ ಮೊದಲ ಕ್ಲಿಂಗಾನ್ ಆಗಿ ಅಭಿನಯಿಸಿದ ಜಾನ್ ಕೊಲಿಕೋಸ್ ಯಾರು ಗೊತ್ತೇ? ನಮ್ಮ ಟೊರಾಂಟೊದಲ್ಲೇ 1928ರಲ್ಲಿ ಹುಟ್ಟಿದವರು! ಕ್ಲಿಂಗಾನ್ ಹೇಗಿರಬೇಕೆಂದು ಮೇಕಪ್‌ನವರಿಗೂ ತಿಳಿದಿರಲಿಲ್ಲವಂತೆ. ಚೆಂಗಿಸ್ ಖಾನನ ಹಾಗೆ ಮಾಡೋಣ ಎಂಬ ಸಲಹೆ ಕೊಲಿಕೋಸರದೇ. ಮುಖಕ್ಕೆ ಕಂದು ಬಣ್ಣ, ಇಳಿಬಿದ್ದ ಮೀಸೆ, ಚೂಪು ಗಡ್ಡ. ಆಯಿತು, ಶತ್ರು ಸಿದ್ಧ. ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ, ಕೈಗೆ ಸಿಕ್ಕಿದ್ದು ಕಂದು ಬಣ್ಣದ ಡಬ್ಬಿ. ನನ್ನ ಬೇಸ್‌ಮೆಂಟಿನ ಕಥೆಯೂ ಅದೇ ತಾನೇ?

1979ರ ಸಿನಿಮಾದಲ್ಲಿ ಹಣ ಬಂತು. ಆಗ ಕ್ಲಿಂಗಾನರ ಹಣೆಯ ಮೇಲೆ ಬೆನ್ನುಮೂಳೆಯ ಹಾಗೆ ಏಣು ಎದ್ದಿತು. ಅಲ್ಲಿಗೆ ಅವರು ಬೇರೆ ದೇಶದ ಮನುಷ್ಯರಾಗಿರುವುದನ್ನು ಬಿಟ್ಟು ನಿಜವಾಗಿ ಬೇರೆ ಕುಲವಾದರು. 1984ರ ಸಿನಿಮಾಕ್ಕಾಗಿ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ಅವರಿಗೊಂದು ವ್ಯಾಕರಣಬದ್ಧ ಭಾಷೆಯನ್ನೇ ಕಟ್ಟಿಕೊಟ್ಟರು, 1985ರಲ್ಲಿ ಅದರ ನಿಘಂಟೂ ಬಂತು. (ನಮ್ಮ ಮಕ್ಕಳು ಕನ್ನಡ ಕಲಿಯಲು ಭಾನುವಾರ ಬೆಳಿಗ್ಗೆ ಏಳುವುದಿಲ್ಲ, ಕ್ಲಿಂಗಾನ್ ಭಾಷೆ ಕಲಿಯಲು ದುಡ್ಡು ಕೊಡುವವರು ಇದ್ದಾರೆ. ಹೇಳಿದರೆ ಹೊಟ್ಟೆಯುರಿ ಎನ್ನುತ್ತೀರಿ.) 1987ರಲ್ಲಿ ಶುರುವಾದ ಹೊಸ ಸರಣಿಯಲ್ಲಿ ವರ್ಫ್ ಎಂಬ ಕ್ಲಿಂಗಾನ್, ಶತ್ರುವಿನ ಕಡೆಯಲ್ಲಲ್ಲ, ನಾಯಕರ ಹಡಗಿನಲ್ಲೇ ಅಧಿಕಾರಿಯಾಗಿ ನಿಂತ. ಮನುಷ್ಯರ ಮನೆಯಲ್ಲಿ ಬೆಳೆದು, ತನ್ನ ಕುಲದ ಪದ್ಧತಿಗಳನ್ನು ಪುಸ್ತಕದಿಂದಲೂ ಹಟದಿಂದಲೂ ಕಲಿತವನು. ಆ ಪಾತ್ರವನ್ನು ಈಗ ನೋಡಿದರೆ ನನಗೆ ನಮ್ಮ ಮಕ್ಕಳದೇ ನೆನಪಾಗುತ್ತದೆ.

ಇನ್ನು ಟೊರಾಂಟೊದ ಪಾಲು. 2017ರಿಂದ 2024ರವರೆಗೆ ಐದು ಸೀಸನ್ ಬಂದ 'ಸ್ಟಾರ್ ಟ್ರೆಕ್: ಡಿಸ್ಕವರಿ' ಚಿತ್ರೀಕರಣವಾದದ್ದು ಇಲ್ಲಿನ ಪೈನ್‌ವುಡ್ ಸ್ಟುಡಿಯೋದಲ್ಲಿ. ಅಲ್ಲಿ ಕ್ಲಿಂಗಾನರನ್ನು ಮತ್ತೆ ಹೊಸದಾಗಿ ಮಾಡಹೊರಟರು. ಕೂದಲು ಪೂರ್ತಿ ತೆಗೆದರು, ತಲೆಬುರುಡೆಯನ್ನು ಹಿಂದಕ್ಕೆ ಉದ್ದ ಮಾಡಿದರು, ಮುಖ ಮುಚ್ಚುವ ಹಾಗೆ ದಪ್ಪ ರಬ್ಬರ್ ಅಂಟಿಸಿದರು, ಮೇಲೆ ಉದ್ದುದ್ದ ಮಾತುಗಳನ್ನೆಲ್ಲ ಕ್ಲಿಂಗಾನ್ ಭಾಷೆಯಲ್ಲೇ ಆಡಿಸಿದರು. ನೋಡಲು ಭಯಂಕರ, ಕೆಲಸಗಾರಿಕೆ ಅದ್ಭುತ. ಆದರೆ ರಬ್ಬರಿನ ಹಿಂದೆ ನಟರ ಮುಖ ಅಲುಗಲೇ ಇಲ್ಲ. ಮಾತು ಬಾಯಲ್ಲಿ ಅಗಿದಂತೆ ಬಂತು. ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಎರಡನೆಯ ಸೀಸನ್ನಿಗೆ, 2019ರಲ್ಲಿ, ಕ್ಲಿಂಗಾನರಿಗೆ ಕೂದಲು ಮರಳಿ ಬಂತು. ಆಮೇಲೆ ಬಂದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸರಣಿ ನಮ್ಮ ಮಿಸ್ಸಿಸಾಗಾದಲ್ಲೇ ಚಿತ್ರೀಕರಣವಾಗಿದ್ದು, ಅದರಲ್ಲಿ 2023ರ ಹೊತ್ತಿಗೆ ಹಳೆಯ ಏಣುಹಣೆಯ ಕ್ಲಿಂಗಾನರೇ ತಿರುಗಿ ಬಂದಿದ್ದರು. ಅಂದ ಹಾಗೆ ಘಟೋತ್ಕಚ ಎಂಬ ಹೆಸರಿನ ಅರ್ಥವೇ ಕೂದಲಿಲ್ಲದ, ಮಡಕೆಯಂಥ ತಲೆಯವನು ಎಂದು. ಬೋಳು ರಾಕ್ಷಸನನ್ನು ಹೊಳೆದವರಲ್ಲಿ ವ್ಯಾಸರೇ ಮೊದಲು.

ಅದೇ 'ಡಿಸ್ಕವರಿ'ಯಲ್ಲಿ ಸಾರು ಎಂಬ ಇನ್ನೊಂದು ಪಾತ್ರ ಇತ್ತು. (ಊಟದ ಸಾರಲ್ಲ!) ಕೆಲ್ಪಿಯನ್ ಎಂಬ, ಬೇಟೆಗೆ ಸಿಕ್ಕಿ ಸಿಕ್ಕಿ ಸದಾ ಎಚ್ಚರದಲ್ಲೇ ಬದುಕುವ ಕುಲದವನು. ಜಿಂಕೆ ಮರಿ ಕಿವಿ ನಿಮಿರಿಸಿ ನಿಂತ ಹಾಗೆ. ಅವನ ಮುಖವೂ ಪೂರ್ತಿ ರಬ್ಬರೇ. ಕಾಲಿಗೆ ಹಿಮ್ಮಡಿಯಿಲ್ಲದ ಗೊರಸಿನ ಬೂಟು ಬೇರೆ. ಆದರೂ ಜನ ಅವನನ್ನು ಮನಸಾರೆ ಮೆಚ್ಚಿದರು. ನಟ ಡಗ್ ಜೋನ್ಸ್ ಆ ಬೂಟಿಗೆ ತಕ್ಕ ಒಂದು ನಡಿಗೆ ಹುಡುಕಿಕೊಂಡರು, ಕೈಗಳನ್ನು ಬೀಸುವ ಒಂದು ರೀತಿ ಹುಡುಕಿಕೊಂಡರು, ಮೆಲುದನಿಯಲ್ಲಿ ಮಾತಾಡಿದರು. ಒಂದೇ ಊರು, ಒಂದೇ ಸ್ಟುಡಿಯೋ, ಅದೇ ರಬ್ಬರ್. ಒಂದು ಕುಲಕ್ಕೆ ಜೀವ ಬಂತು, ಇನ್ನೊಂದಕ್ಕೆ ಬರಲು ತಿಣುಕಿತು.

ಈ ಡಗ್ ಜೋನ್ಸ್ ಟೊರಾಂಟೊಗೆ ಹೊಸಬರಲ್ಲ. 2016ರಲ್ಲಿ ಇಲ್ಲಿಯೂ ಹ್ಯಾಮಿಲ್ಟನ್‌ನಲ್ಲಿಯೂ ಚಿತ್ರೀಕರಣವಾದ, ಗಿಲೆರ್ಮೋ ಡೆಲ್ ಟೋರೋ ಅವರ 'ದ ಶೇಪ್ ಆಫ್ ವಾಟರ್' ಸಿನಿಮಾದ ನೀರುಮನುಷ್ಯ ಅವರೇ. ಸ್ಕಾರ್ಬರೋದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡ ನೋಡಿದ್ದೀರಲ್ಲ, ಸಿನಿಮಾದ ಸರ್ಕಾರಿ ಪ್ರಯೋಗಾಲಯ ಅದು. ಸಿನಿಮಾದೊಳಗಿನ ಚಿತ್ರಮಂದಿರದ ಹೊರಭಾಗ ಮ್ಯಾಸಿ ಹಾಲ್, ಒಳಭಾಗ ಯಂಗ್ ಸ್ಟ್ರೀಟಿನ ಎಲ್ಗಿನ್ ಥಿಯೇಟರ್. ಆ ಜೀವಿಯ ಮೈಗೆ ಹೊಂದುವಂತೆ ಮಾಡಿದ ಉಡುಪನ್ನು ತೊಡಿಸಲು ದಿನಾ ಸುಮಾರು ಮೂರು ಗಂಟೆ ಹಿಡಿಯುತ್ತಿತ್ತಂತೆ. ಕಣ್ಣು ಮಿಟುಕುವುದು, ಕಿವಿರು ಆಡುವುದು ಮುಂತಾದ ಸೂಕ್ಷ್ಮಗಳನ್ನು ಟೊರಾಂಟೊದ ಮಿಸ್ಟರ್ ಎಕ್ಸ್ ಎಂಬ ಕಂಪನಿ ಕಂಪ್ಯೂಟರಿನಲ್ಲಿ ಸೇರಿಸಿತು. ಇಡೀ ಸಿನಿಮಾದಲ್ಲಿ ಆ ಜೀವಿಗೆ ಒಂದು ಮಾತೂ ಇಲ್ಲ. ಬೇಯಿಸಿದ ಮೊಟ್ಟೆಯ ಮುಂದೆ ಅವನು ಕೈಸನ್ನೆ ಮಾಡುವಾಗ ನಾವು ಕರಗಿಹೋಗುತ್ತೇವೆ. 2018ರಲ್ಲಿ ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂದವು.

ಮೂರು ಗಂಟೆ ಎಂದು ಓದಿದಾಗ ನನಗೆ ನಗು ಬಂತು. ಮೂರು ಗಂಟೆಯ ಮೇಕಪ್ಪು ನಾನು ಎಂಟನೆಯ ವಯಸ್ಸಿನಲ್ಲೇ, ಪುತ್ತೂರಿನ ಹತ್ತಿರದ ಒಂದು ಗದ್ದೆಯಲ್ಲಿ ನೋಡಿದ್ದೇನೆ.

ಆಟ ನೋಡಲು ಅಜ್ಜನ ಜೊತೆ ಹೋಗುತ್ತಿದ್ದೆ. ಕಣ್ಣು ತಪ್ಪಿಸಿ ಚೌಕಿಗೆ ನುಗ್ಗುವುದೇ ದೊಡ್ಡ ಸಾಹಸ. ಪುಂಡುವೇಷದವರು, ಸ್ತ್ರೀವೇಷದವರು ಎಲ್ಲ ಹರಟೆ ಹೊಡೆಯುತ್ತ ಬಣ್ಣ ಹಚ್ಚಿಕೊಳ್ಳುತ್ತಿದ್ದರೆ, ಬಣ್ಣದ ವೇಷದವರು ಮಾತ್ರ ಒಂದು ಮೂಲೆಯಲ್ಲಿ ಕನ್ನಡಿಯ ಮುಂದೆ ಮೌನವಾಗಿ ಕೂತಿರುತ್ತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಸಣ್ಣ ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಚುಕ್ಕೆ ಇಡುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಹಾಗೆ ಮುಳ್ಳು ಮುಳ್ಳಾಗಿ ಏಳುವುದಕ್ಕೆ ಚಿಟ್ಟಿ ಎನ್ನುತ್ತಾರೆ. ಸಾಲಿನ ಮೇಲೆ ಸಾಲು, ಮಧ್ಯೆ ಕೆಂಪು, ಕಪ್ಪು ರೇಖೆಗಳು. ರಾತ್ರಿ ಶುರುವಾದ ಕೆಲಸ ಮುಗಿಯುವಾಗ ಆಟ ಅರ್ಧ ಆಗಿರುತ್ತಿತ್ತು. ಕೊನೆಗೆ ಕನ್ನಡಿಯಿಂದ ತಿರುಗಿ ನೋಡಿದಾಗ, ಆಗಷ್ಟೇ ನನಗೆ ಒಂದು ತುಂಡು ಬೆಲ್ಲ ಕೊಟ್ಟಿದ್ದ ಮನುಷ್ಯ ಅಲ್ಲಿರುತ್ತಿರಲಿಲ್ಲ.

ಅಲ್ಲಿ ಬಿಳಿಯ ಮುಳ್ಳಿತ್ತು, ರಕ್ತಗೆಂಪಿತ್ತು, ಕಪ್ಪೂ ಇತ್ತು. ಆದರೆ ಯಾವ ಮನುಷ್ಯನ ಚರ್ಮದ ಬಣ್ಣವೂ ಅದಲ್ಲ. ಆ ಮುಖವನ್ನು ನೋಡಿ ಇದು ಇಂಥ ಜಾತಿಯವನು, ಇಂಥ ಊರಿನವನು ಎಂದು ಬೆರಳು ತೋರಿಸಲು ಸಾಧ್ಯವೇ ಇಲ್ಲ. ಅದರಲ್ಲೂ ಎಷ್ಟು ವಿವರ! ತೆಂಕುತಿಟ್ಟಿನಲ್ಲಿ ರಾವಣನಂಥವರಿಗೆ ರಾಜಬಣ್ಣ, ಕಾಡಿನ ಒರಟರಿಗೆ ಕಾಟುಬಣ್ಣ, ಶೂರ್ಪನಖಿ, ಅಜಮುಖಿಯರಿಗೆ ಹೆಣ್ಣುಬಣ್ಣ. ರಾಕ್ಷಸರೆಲ್ಲ ಒಂದೇ ಎಂದು ನಮ್ಮ ಹಿರಿಯರು ಭಾವಿಸಲಿಲ್ಲ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಎಂಬ ಹೆಸರುಗಳನ್ನು ಅಜ್ಜ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ಇನ್ನು ಪ್ರವೇಶ. ತೆರೆಯ ಹಿಂದಿನಿಂದ ಆರ್ಭಟ, ದೊಂದಿಗೆ ರಾಳ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆಯ ಅಬ್ಬರ, ತೆರೆಯ ಮೇಲಿನಿಂದ ಬರೀ ಕಿರೀಟದ ತುದಿ. ನಾನು ಅಜ್ಜನ ಶಾಲಿನೊಳಗೆ. ಇಷ್ಟೆಲ್ಲ ಹೆದರಿಸಿದ ಮೇಲೆ ಆ ರಾಕ್ಷಸ ರಂಗದಲ್ಲಿ ಕೂತು ಏನು ಮಾಡುತ್ತಾನೆ? ಸ್ನಾನ ಮಾಡುವ, ವಿಭೂತಿ ಹಚ್ಚುವ, ಶಿವಪೂಜೆ ಮಾಡುವ ಅಭಿನಯ! ಶಾಲಿನಿಂದ ಹೊರಗೆ ಬಂದು ನೋಡಿದರೆ ಅವನು ಥೇಟ್ ನಮ್ಮ ದೊಡ್ಡಪ್ಪ. ಮೊದಲು ಭಯ, ಆಮೇಲೆ ಬಳಕೆ. ಡೆಲ್ ಟೋರೋ ಬೇಯಿಸಿದ ಮೊಟ್ಟೆಯಿಂದ ಮಾಡಿದ್ದೂ ಇದನ್ನೇ ಎಂದು ನನಗೆ ಈಗ ಅನ್ನಿಸುತ್ತದೆ. ಇನ್ನು ಮಾತು ಶುರುವಾದರೆ ನಮ್ಮ ರಾಕ್ಷಸನಿಗೆ ನಿಘಂಟು ಬೇಕಿಲ್ಲ. ದೇವೇಂದ್ರನಿಗಿಂತ ಚೊಕ್ಕ ಕನ್ನಡ ಅವನದು.

ನಮ್ಮ ಸಿನಿಮಾದವರು ಚಿಟ್ಟಿಯ ದಾರಿ ಹಿಡಿಯಲಿಲ್ಲ. ಅವರ ದಾರಿ ಕಂಪನಿ ನಾಟಕದ್ದು. 'ಭೂಕೈಲಾಸ'ದ (1958) ರಾವಣ, 'ಮಹಿಷಾಸುರ ಮರ್ದಿನಿ'ಯ (1959) ಮಹಿಷ, 'ಭಕ್ತ ಪ್ರಹ್ಲಾದ'ದ (1983) ಹಿರಣ್ಯಕಶಿಪು, ಮೂರೂ ಡಾ. ರಾಜಕುಮಾರ್. ಕಿರೀಟ, ಮೀಸೆ, ಆಭರಣ, ಅಷ್ಟೇ. ಉಳಿದದ್ದೆಲ್ಲ ಕಣ್ಣು ಮತ್ತು ಧ್ವನಿ. ಹಿರಣ್ಯಕಶಿಪು ಮಗನನ್ನು ಗದರಿಸುವಾಗ ಅವನು ಅಸುರನೋ, ಮಗ ಕೈತಪ್ಪಿ ಹೋಗುತ್ತಿದ್ದಾನೆಂದು ಕಂಗೆಟ್ಟ ಅಪ್ಪನೋ ತಿಳಿಯುವುದಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮಹಿಷಾಸುರನನ್ನು ಜ್ಞಾಪಿಸಿಕೊಳ್ಳಿ. ಹೆಸರು ಮಹಿಷ, ಆದರೆ ಕೋಣನ ತಲೆ ಎಲ್ಲಿದೆ? ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಸರ್ಪ, ಹುರಿಮೀಸೆ. ಊರಿಗೆ ಹೋದಾಗ ನಮ್ಮ ಮಕ್ಕಳು ಓಡಿಹೋಗಿ ಫೋಟೋ ತೆಗೆಸಿಕೊಳ್ಳುವುದು ಅವನ ಪಕ್ಕದಲ್ಲೇ.

ಇನ್ನೂ ಹಿಂದೆ ಹೋದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ನಾಗಚಂದ್ರ ಕವಿ ಈ ತೊಡಕನ್ನು ಬೇರೆ ರೀತಿ ಬಿಡಿಸಿದ್ದ. ಜೈನ ರಾಮಾಯಣದಲ್ಲಿ ರಾಕ್ಷಸರು ರಾಕ್ಷಸರೇ ಅಲ್ಲ, ವಾನರರು ಕೋತಿಗಳೂ ಅಲ್ಲ, ಎಲ್ಲ ವಿದ್ಯಾಧರ ವಂಶಗಳು. ಹತ್ತು ತಲೆ ಎಂದರೆ ಕೊರಳ ಹಾರದ ರತ್ನಗಳಲ್ಲಿ ಒಂದೇ ಮುಖ ಪ್ರತಿಫಲಿಸಿ ಹತ್ತಾಗಿ ಕಂಡದ್ದು. ಗ್ರಾಫಿಕ್ಸ್ ಖರ್ಚೇ ಇಲ್ಲ ನೋಡಿ! ಭೈರಪ್ಪನವರ 'ಪರ್ವ'ದಲ್ಲೂ (1979) ಹಿಡಿಂಬೆ, ಘಟೋತ್ಕಚರು ಕಾಡಿನ ಜನ, ಮಾಯೆ ಮಂತ್ರ ಇಲ್ಲ. ಇದು ಬಹಳ ವಿವೇಕದ ದಾರಿ. ಆದರೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ರಾಕ್ಷಸನನ್ನು ಕಾಡಿನ ಮನುಷ್ಯ ಎಂದ ಕೂಡಲೇ ಕಾಡಿನ ಮನುಷ್ಯನನ್ನು ರಾಕ್ಷಸ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅವನು ಎಲ್ಲೂ ಇಲ್ಲದ ಕುಲವಾಗಿ, ಮೈತುಂಬ ಚಿಟ್ಟಿಯೊಂದಿಗೆ ಉಳಿಯುವುದೇ ಎಲ್ಲರಿಗೂ ಕ್ಷೇಮ.

ಈಚೆಗೆ 2023ರ 'ಆದಿಪುರುಷ್'ನ ರಾವಣನನ್ನು ನೋಡಿ ಎಷ್ಟು ಜನ ಬೇಸರಪಟ್ಟರು! ಎರಡು ಅಂತಸ್ತಿನಲ್ಲಿ ಜೋಡಿಸಿದ ಹತ್ತು ತಲೆ, ಆದರೆ ಒಂದರಲ್ಲೂ ಲಂಕೆಯ ಪಂಡಿತನ ಕಳೆ ಇಲ್ಲ. 2026 ಮತ್ತು 2027ರ ದೀಪಾವಳಿಗೆ ಎಂದು ಘೋಷಣೆಯಾದ ಎರಡು ಭಾಗಗಳ 'ರಾಮಾಯಣ'ದಲ್ಲಿ ರಾವಣ ನಮ್ಮ ಯಶ್. ಗ್ರಾಫಿಕ್ಸ್ ಎಷ್ಟು ಬೇಕಾದರೂ ಹಾಕಿಕೊಳ್ಳಲಿ, ಆ ಕಣ್ಣುಗಳನ್ನು ಮಾತ್ರ ಮುಚ್ಚದಿರಲಿ ಎಂಬುದು ನನ್ನ ಬೇಡಿಕೆ. 'ಕಾಂತಾರ'ದ ಹಾಗೆ ಮಾಡಿ ಎಂದು ಸಮಿತಿಯ ಒಬ್ಬರು ನನಗೆ ಸಲಹೆ ಕೊಟ್ಟರು. ಕೈಮುಗಿದೆ. ದೈವ ರಾಕ್ಷಸನಲ್ಲ, ವೇಷವೂ ಅಲ್ಲ. ನಮ್ಮ ಕಡೆಯವರಿಗೆ ಅದು ಮನೆಯ ನಂಬಿಕೆ, ಬೇಸ್‌ಮೆಂಟಿನಲ್ಲಿ ಕಲಿಸುವ ಕುಣಿತವಲ್ಲ.

ನಾಲ್ಕನೆಯ ಶನಿವಾರ ಕಪ್ಪು ಡಬ್ಬಿಯನ್ನು ಆ ತಾಯಿಗೆ ಹಿಂದಿರುಗಿಸಿದೆ. ಅವರೂ ಬೇಸರ ಮಾಡಿಕೊಳ್ಳಲಿಲ್ಲ, ಬದಲಿಗೆ "ನನಗೂ ಹೊಳೆಯಲಿಲ್ಲ ನೋಡಿ" ಎಂದರು. ಮಕ್ಕಳನ್ನೆಲ್ಲ ಕೂರಿಸಿ ಬಣ್ಣದ ವೇಷದ ವೀಡಿಯೋ ತೋರಿಸಿದೆ. ಸುಣ್ಣ ಎಳೆಯ ಚರ್ಮವನ್ನು ಸುಡುತ್ತದೆ, ಆದ್ದರಿಂದ ಚಿಟ್ಟಿಯ ಆಸೆ ಬಿಟ್ಟು ಮಕ್ಕಳ ಮುಖಕ್ಕೆ ಹಚ್ಚುವ ನೀರುಬಣ್ಣದಲ್ಲೇ ಕೆಂಪು ಬಳಿದು ಬಿಳಿ ಚುಕ್ಕೆಗಳ ಸಾಲು ಇಡುವುದೆಂದು ಒಪ್ಪಂದವಾಯಿತು. ಪಾತ್ರ ಬದಲಾಯಿಸಿಕೊಳ್ಳುತ್ತೀಯಾ, ಕೃಷ್ಣ ಮಾಡುತ್ತೀಯಾ ಎಂದು ಆ ಹುಡುಗನನ್ನು ಕೇಳಿದೆ. ಅವನು ವೀಡಿಯೋದಿಂದ ಕಣ್ಣು ತೆಗೆಯದೆ "ನೋ ವೇ" ಎಂದ. ಆದರೆ ಮನೆಗೆ ಹೋಗಿ ಕಥೆಯನ್ನು ಪೂರ್ತಿ ಓದಿಕೊಂಡು ಬಂದು ಮುಂದಿನ ವಾರ ಇನ್ನೊಂದು ಕಷ್ಟದ ಪ್ರಶ್ನೆ ಕೇಳಿದ. "ಘಟೋತ್ಕಚ ಪಾಂಡವರಿಗೋಸ್ಕರ ಯುದ್ಧ ಮಾಡಿ ಸತ್ತ. ಆಗ ಕೃಷ್ಣ ಯಾಕೆ ಖುಷಿಪಟ್ಟ?" ಕರ್ಣನ ಶಕ್ತ್ಯಾಯುಧ ಖರ್ಚಾಯಿತು, ಅರ್ಜುನ ಉಳಿದ ಎಂದೆ. "ಸೋ, ಹಿ ಡಿಡ್ ನಾಟ್ ಕೌಂಟ್?" ಎಂದ. ನಮ್ಮ ನಾಟಕ ಯುದ್ಧಕ್ಕಿಂತ ಮೊದಲೇ ಮುಗಿಯುತ್ತಿತ್ತು, ಹಾಗಾಗಿ ಬಚಾವಾದೆ. ಉತ್ತರ ಇನ್ನೂ ಬಾಕಿ ಇದೆ.

ಕಾರ್ಯಕ್ರಮದ ದಿನ ಬಣ್ಣ ಹಚ್ಚಲು ಒಂದೂವರೆ ಗಂಟೆ ಹಿಡಿಯಿತು. ಚುಕ್ಕೆ ಇಟ್ಟದ್ದು ಅವನ ಅಜ್ಜಿ, ಊರಿನಿಂದ ಬಂದಿದ್ದರು, ಹತ್ತಿಕಡ್ಡಿ ಹಿಡಿದು ರಂಗೋಲಿ ಇಡುವ ಹಾಗೆ ಇಟ್ಟರು. ಕೋರೆಹಲ್ಲು ಹಾಕಿಕೊಂಡರೆ ಮಾತು ತೊದಲುತ್ತದೆ ಎಂದು ಅದನ್ನು ಹುಡುಗ ತಾನೇ ತೆಗೆದಿಟ್ಟ. ಎರಡು ಕಡೆಯಿಂದ ಬೆಡ್‌ಶೀಟು ಹಿಡಿದು, ಅದರ ಹಿಂದಿನಿಂದ ಅವನು ಆರ್ಭಟ ಕೊಟ್ಟಾಗ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಬಿಕ್ಕಿ ಅತ್ತಳು. ತೆರೆ ಸರಿಯಿತು. ಘಟೋತ್ಕಚ ಕೂತು ಹಲ್ಲುಜ್ಜಿದ, ತಲೆ ಬಾಚಿದ, ಹಣೆಗೆ ವಿಭೂತಿ ಎಳೆದುಕೊಂಡ, ಅಮ್ಮ ಹಿಡಿಂಬೆಯ ಕಾಲಿಗೆ ಬಿದ್ದ. ಅಳುತ್ತಿದ್ದವಳು ನಕ್ಕಳು.

ಮುಗಿದ ಮೇಲೆ ಬಣ್ಣ ತೊಳೆಯಲು ಅವನು ಬಿಲ್‌ಕುಲ್ ಒಪ್ಪಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಎಲ್ಲರೂ ಟಿಮ್ ಹಾರ್ಟನ್ಸಿಗೆ ನುಗ್ಗಿದೆವು. ಕೌಂಟರಿನ ಹಿಂದಿದ್ದ ಹುಡುಗಿ ಕೆಂಪು ಮುಖ, ಬಿಳಿ ಚುಕ್ಕೆಗಳನ್ನು ಕಣ್ಣರಳಿಸಿ ನೋಡಿ, ಹ್ಯಾಲೋವೀನ್ ಮುಗಿಯಿತಲ್ಲ, ನೀನು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ರಾಕ್ಷಸ" ಎಂದ. ಸ್ವಲ್ಪ ಯೋಚಿಸಿ, "ಹಾಫ್. ಅಮ್ಮನ ಕಡೆಯಿಂದ" ಎಂದು ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸಿ, ಹತ್ತು ಟಿಮ್‌ಬಿಟ್ಸ್ ಕೇಳಿದ.